ಕೋವಿ, ಪಿಸ್ತೂಲುಗಳ ಸುರಕ್ಷತೆ: ಕೇಪಿನಿಂದ ಸ್ಟ್ರೈಕರ್‌ವರೆಗೆ

ಕೋವಿ, ರಿವಾಲ್ವರ್, ಪಿಸ್ತೂಲುಗಳಲ್ಲಿ ಬೇಡದ ಗಳಿಗೆಯಲ್ಲಿ ಗುಂಡು ಹಾರದಂತೆ ತಡೆಯುವ ಬಿಡಿಭಾಗಗಳನ್ನೂ ಅವನ್ನು ಇಟ್ಟುಕೊಂಡವರು ಪಾಲಿಸಬೇಕಾದ ಕ್ರಮಗಳನ್ನೂ ಸೇರಿಸಿ ಸುರಕ್ಷತಾ ವ್ಯವಸ್ಥೆ ಎನ್ನುತ್ತಾರೆ. ಕರ್ನಾಟಕದ ಕರಾವಳಿ, ಮಲೆನಾಡು, ಕೊಡಗುಗಳಲ್ಲಿ ಈ ವಿಷಯ ಹೆಚ್ಚಾಗಿ ಕೃಷಿಕರ ಮನೆಯ ಕೋವಿಗೆ ಸಂಬಂಧಿಸಿದ್ದು. ನಗರಗಳಲ್ಲಿ ಸೊಂಟದ ಮರೆಯಲ್ಲಿ ಒಯ್ಯುವ ಪಿಸ್ತೂಲಿಗೆ ಸಂಬಂಧಿಸಿದ್ದು. ಹೊರಗೆ ಹ್ಯಾಮರ್ ಕಾಣದ, ಬಹಳಷ್ಟು ಮಾದರಿಗಳಲ್ಲಿ ಸೇಫ್ಟಿ ಗುಂಡಿಯೂ ಇಲ್ಲದ ಇಂದಿನ ಸ್ಟ್ರೈಕರ್ ಪಿಸ್ತೂಲು ಈ ವ್ಯವಸ್ಥೆಯ ಇತಿಹಾಸದಲ್ಲಿ ತೀರ ಈಚಿನ ರೂಪ, ಅತಿ ಹೆಚ್ಚು ಚರ್ಚೆಗೆ ಗುರಿಯಾದದ್ದು. ಎರಡು ಶತಮಾನಗಳಲ್ಲಿ ತಡೆಗಳು ಒಂದೊಂದಾಗಿ ಯಂತ್ರದೊಳಗೆ ಸೇರಿಕೊಂಡವು. ಆದರೂ ಪ್ರತಿ ಹೊಸ ಯಂತ್ರ ಒಂದಲ್ಲ ಒಂದು ಕೆಲಸವನ್ನು ಮನುಷ್ಯನ ಕೈಗೇ ಬಿಟ್ಟಿತು. ಹೆಚ್ಚಿನ ಅವಘಡಗಳು ಆದದ್ದು ಅಲ್ಲೇ.

ಗದ್ದೆ ಕಾಯುವ ಕೋವಿ

ಉಡುಪಿ ಜಿಲ್ಲೆಯ ಬೈಂದೂರಿಗೆ ಅಂಟಿಕೊಂಡಿರುವ ಯಡ್ತರೆಯಿಂದ ಪೂರ್ವಕ್ಕೆ, ಕೊಲ್ಲೂರಿನ ಕಡೆಗೆ ಹೋದಂತೆ ಗದ್ದೆ ಬಯಲು ಕಿರಿದಾಗಿ ಕಾಡು ಹತ್ತಿರವಾಗುತ್ತದೆ. 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಜೀವಿಧಾಮ ಇರುವುದು ಈ ಭಾಗದಲ್ಲೇ. ಭತ್ತ, ಅಡಿಕೆ, ತೆಂಗು, ಬಾಳೆ ಬೆಳೆಯುವ ಇಲ್ಲಿನವರಿಗೆ ಕಾಡುಹಂದಿ, ಮಂಗ, ಮುಳ್ಳುಹಂದಿ, ನವಿಲುಗಳ ಕಾಟ ಹೊಸದಲ್ಲ. ಗರ್ನಾಲು, ತಮಟೆ, ಬೇಲಿ ಯಾವುದಕ್ಕೂ ಬಗ್ಗದಾಗ ಕೊನೆಯ ಉಪಾಯವಾಗಿ ಬಂದದ್ದು ಬೆಳೆ ರಕ್ಷಣೆಯ ಕೋವಿ. ಇದಕ್ಕೆ ಪರವಾನಗಿ ಕೊಡುವವರು ಜಿಲ್ಲಾಧಿಕಾರಿ. ಪ್ರಾಣಿಯನ್ನು ಕೊಲ್ಲಲು ಈ ಪರವಾನಗಿಯೇ ಅನುಮತಿ ಆಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಬೇರೆಯೇ ಕಟ್ಟುಪಾಡು ಹಾಕಿದೆ.

ಇಂಥ ಕೋವಿಗಳಲ್ಲಿ ಮುಖ್ಯವಾಗಿ ಎರಡು ಬಗೆ: ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಹಿಂಬದಿಯಿಂದ ತೋಟೆ ಹಾಕುವ ತೋಟೆ ಕೋವಿ. ಪರವಾನಗಿ ಪುಸ್ತಕದಲ್ಲಿ ಮೊದಲನೆಯದು ಎಸ್‌ಬಿಎಂಎಲ್. ಎರಡನೆಯದು ಒಂಟಿ ನಳಿಗೆಯದಾದರೆ ಎಸ್‌ಬಿಬಿಎಲ್, ಜೋಡಿ ನಳಿಗೆಯದಾದರೆ ಡಿಬಿಬಿಎಲ್.

ಕೇಪಿನ ಮೂಲ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಅವರ ಪ್ರಯೋಗಗಳಲ್ಲಿದೆ. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಕಿಡಿ ಹಚ್ಚುವ ವಿಧಾನಕ್ಕೆ ಅವರು 1807ರಲ್ಲಿ ಪೇಟೆಂಟ್ ಪಡೆದರು. ಅದೇ ರಾಸಾಯನಿಕವನ್ನು ಪುಟ್ಟ ತಾಮ್ರದ ಟೊಪ್ಪಿಗೆಯಲ್ಲಿ ತುಂಬಿದ ಕೇಪು ಆಮೇಲೆ ಬಂತು. ಚಕಮಕಿ ಕಲ್ಲಿನ ಬಂದೂಕಿನ ಕಾಲದಲ್ಲೇ ಹ್ಯಾಮರನ್ನು ಅರ್ಧಕ್ಕೆ ಎಳೆದು ನಿಲ್ಲಿಸುವ ಕಚ್ಚು ಇತ್ತು. ಕೇಪಿನ ಕೋವಿಗೂ ಅದೇ ಮುಂದುವರಿಯಿತು. ಆ ಕಚ್ಚು ಸವೆದರೆ ಹ್ಯಾಮರ್ ಜಾರಿ ಕೇಪಿಗೆ ಬಡಿಯುತ್ತದೆ. ಆದ್ದರಿಂದ ಇಲ್ಲಿ ನಂಬಬಹುದಾದ ತಡೆ ಒಂದೇ: ಕೇಪು ಕೂರುವ ‘ಮೊಲೆ’ ಎಂಬ ಪುಟ್ಟ ಕೊಳವೆಯ ಮೇಲಿಂದ ಕೇಪನ್ನು ಉಗುರಿನಿಂದ ಎಬ್ಬಿಸಿ ಕಿಸೆಗೆ ಹಾಕಿಕೊಳ್ಳುವುದು. ಹಾಗೆ ಮಾಡಿದರೂ ಒಳಗಿನ ಮದ್ದು, ಚರೆ ಅಲ್ಲೇ ಉಳಿಯುತ್ತವೆ. ನಳಿಗೆಯನ್ನು ಖಾಲಿ ಮಾಡಲು ಒಂದೋ ಗುಂಡು ಹಾರಿಸಬೇಕು, ಇಲ್ಲವೇ ಕಡ್ಡಿ ಹಾಕಿ ಕೆದಕಿ ತೆಗೆಯಬೇಕು. ಆ ಬೇಸರಕ್ಕೆ ತುಂಬಿದ ಕೋವಿಯನ್ನು ದಿನಗಟ್ಟಲೆ ಮೂಲೆಯಲ್ಲಿ ನಿಲ್ಲಿಸಿಡುವುದು ಕೇಪಿನ ಕೋವಿಯ ಬಲುದೊಡ್ಡ ಅಪಾಯ.

ತೋಟೆ ಕೋವಿ ಈ ತೊಡಕನ್ನು ನೀಗಿಸಿತು. ಹೆಬ್ಬೆರಳಿನಿಂದ ಸನ್ನೆ ಸರಿಸಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ತೋಟೆಯ ಹಿತ್ತಾಳೆ ಹಿಂಬದಿ ಕಣ್ಣಿಗೆ ಬೀಳುತ್ತದೆ. ತೋಟೆ ತೆಗೆದು ನಳಿಗೆಯೊಳಗೆ ಕಣ್ಣು ಹಾಯಿಸಿದರೆ ಆ ತುದಿಯಲ್ಲಿ ಬೆಳಕಿನ ದುಂಡು ಕಾಣಬೇಕು. ಕಂಡರೆ ಕೋವಿ ಖಾಲಿ. ದಣಪೆ ಹತ್ತುವಾಗ, ಕಾಲುಸಂಕ ದಾಟುವಾಗ, ಮನೆಯ ಜಗಲಿ ಏರುವ ಮುನ್ನ ಕೋವಿಯನ್ನು ಹೀಗೆ ಮಡಚಿ ತೋಟೆ ತೆಗೆಯುವುದು ಅನುಭವಸ್ಥರು ಬಿಡದೆ ಪಾಲಿಸುವ ಕ್ರಮ. ಅದಕ್ಕೆ ತಾಂತ್ರಿಕ ಕಾರಣವೂ ಇದೆ. ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆ್ಯನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಹ್ಯಾಮರ್‌ಗಳು ಪೆಟ್ಟಿಗೆಯೊಳಗೆ ಅಡಗಿದವು. ಇಂಥ ಹೆಚ್ಚಿನ ಜೋಡಿ ನಳಿಗೆ ಕೋವಿಗಳಲ್ಲಿ ಹೆಬ್ಬೆರಳಿನ ಬಳಿಯ ಸೇಫ್ಟಿ ಗುಂಡಿ ಟ್ರಿಗರನ್ನಷ್ಟೇ ಹಿಡಿದಿಡುತ್ತದೆ, ಒಳಗಿನ ಹ್ಯಾಮರನ್ನಲ್ಲ. ಕೋವಿ ಕಲ್ಲಿನ ಮೇಲೆ ಜೋರಾಗಿ ಬಿದ್ದರೆ ಸೇಫ್ಟಿ ಹಾಕಿದ್ದರೂ ಗುಂಡು ಹಾರಬಹುದು.

ಕಿಸೆಗೆ ಬಂದ ಆಯುಧ

ಆಯುಧ ಬಟ್ಟೆಯ ಮರೆಗೆ ಬಂದಾಗ ಲೆಕ್ಕ ಬದಲಾಯಿತು. ಹೆಗಲ ಮೇಲಿನ ಕೋವಿಯ ನಳಿಗೆ ಎತ್ತ ನೋಡುತ್ತಿದೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಕಿಸೆಯಲ್ಲಿರುವ ರಿವಾಲ್ವರಿನ ನಳಿಗೆ ಹೊತ್ತವನ ತೊಡೆಯ ಕಡೆಗೇ ತಿರುಗಿರುತ್ತದೆ, ಅದರ ಟ್ರಿಗರಿಗೆ ಬಟ್ಟೆಯ ಮಡಿಕೆ ಸಿಕ್ಕಿಕೊಳ್ಳಬಹುದು.

ಅಮೆರಿಕದ ಸ್ಮಿತ್ ಅಂಡ್ ವೆಸನ್ 1887ರಲ್ಲಿ ಮಾರುಕಟ್ಟೆಗೆ ತಂದ ‘ಸೇಫ್ಟಿ ಹ್ಯಾಮರ್‌ಲೆಸ್’ ರಿವಾಲ್ವರ್ ಇದಕ್ಕೆ ಕೊಟ್ಟ ಮೊದಮೊದಲ ಉತ್ತರಗಳಲ್ಲೊಂದು. ಅದರಲ್ಲಿ ಹ್ಯಾಮರ್ ಒಳಗಿತ್ತು. ಹಿಡಿಯನ್ನು ಗಟ್ಟಿಯಾಗಿ ಅಮುಕಿದ ಹೊರತು ಟ್ರಿಗರ್ ಕದಲುತ್ತಿರಲಿಲ್ಲ. ಅದೇ ಕಂಪನಿಯ ಯುದ್ಧಕಾಲದ ರಿವಾಲ್ವರ್ ಒಂದು 1944ರಲ್ಲಿ ಹಡಗಿನ ಮೇಲೆ ಕೆಳಗೆ ಬಿದ್ದು ಗುಂಡು ಹಾರಿ ಅಮೆರಿಕದ ನಾವಿಕನೊಬ್ಬ ಸತ್ತ ಮೇಲೆ, ಹ್ಯಾಮರ್ ಮತ್ತು ತೋಟೆಯ ನಡುವೆ ಅಡ್ಡ ನಿಲ್ಲುವ ಉಕ್ಕಿನ ಪಟ್ಟಿಯನ್ನು ಹೊಸದಾಗಿ ರೂಪಿಸಲಾಯಿತು. ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಆ ಪಟ್ಟಿ ಸರಿದು ದಾರಿ ಬಿಡುತ್ತದೆ.

ಭಾರತದಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳು ನಾಗರಿಕರಿಗಾಗಿ ತಯಾರಿಸಿದ .32 ರಿವಾಲ್ವರ್ ಇಂಗ್ಲೆಂಡಿನ ವೆಬ್ಲಿ ಮಾದರಿಯಿಂದ ಬಂದದ್ದು. ದೆಹಲಿಯ ನಿರ್ಭಯಾ ಪ್ರಕರಣದ ನಂತರ, ಮಹಿಳೆಯರ ವ್ಯಾನಿಟಿ ಬ್ಯಾಗಿಗೆ ಹೊಂದುವಂತೆ ಟೈಟಾನಿಯಂ ಮಿಶ್ರಲೋಹದಲ್ಲಿ ಮಾಡಿದ ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ 2014ರಲ್ಲಿ ಕಾನ್ಪುರದಿಂದ ಹೊರಬಂತು.

ಸ್ಟ್ರೈಕರ್ ಎಂದರೆ

ಹ್ಯಾಮರ್ ಇರುವ ಪಿಸ್ತೂಲಿನಲ್ಲಿ ಒಂದು ಸುತ್ತಿಗೆ ತಿರುಗಿ ಬಂದು ಮೊಳೆಗೆ ಹೊಡೆಯುತ್ತದೆ, ಮೊಳೆ ತೋಟೆಯ ಬೆನ್ನಿಗೆ ಚುಚ್ಚುತ್ತದೆ. ಸ್ಟ್ರೈಕರ್ ಪಿಸ್ತೂಲಿನಲ್ಲಿ ಸುತ್ತಿಗೆಯೇ ಇಲ್ಲ. ಸ್ಪ್ರಿಂಗಿನ ಬಿಗಿತದಲ್ಲಿ ಹಿಂದಕ್ಕೆ ಕಟ್ಟಿಟ್ಟ ಮೊಳೆ ಬಿಡುಗಡೆಯಾದೊಡನೆ ನೇರವಾಗಿ ಮುಂದೆ ನುಗ್ಗುತ್ತದೆ. ಬಿಡಿಭಾಗ ಕಡಿಮೆ, ಬಟ್ಟೆಗೆ ಸಿಕ್ಕುವ ಕೊಕ್ಕೆ ಇಲ್ಲ, ಪ್ರತಿ ಸಲವೂ ಟ್ರಿಗರಿನ ಎಳೆತ ಒಂದೇ ತೆರನಾಗಿರುತ್ತದೆ. ಮರೆಯಲ್ಲಿ ಒಯ್ಯುವವರು ಇದನ್ನು ಮೆಚ್ಚಿದ್ದು ಅದಕ್ಕೇ. ಕೊರತೆಯೂ ಉಂಟು: ಹೊರಗಿನ ಹ್ಯಾಮರ್ ಹಿಂದಕ್ಕೆ ಎಳೆದಿದೆಯೇ ಇಲ್ಲವೇ ಎಂಬುದನ್ನು ಹೆಬ್ಬೆರಳು ಸವರಿ ತಿಳಿಯಬಹುದು, ಸ್ಟ್ರೈಕರಿನ ಸ್ಥಿತಿ ಹೊರಗಿನಿಂದ ಅಷ್ಟು ಸುಲಭಕ್ಕೆ ತಿಳಿಯುವುದಿಲ್ಲ.

ಈ ಏರ್ಪಾಡು ಹೊಸದೇನಲ್ಲ. ಜಾನ್ ಬ್ರೌನಿಂಗ್ ವಿನ್ಯಾಸದ, ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ 1900ರ ಮಾದರಿಯೇ ಸ್ಟ್ರೈಕರ್ ಪಿಸ್ತೂಲು. ಭಾರತದಲ್ಲಿ ಇಂದು ನಾಗರಿಕರ ಪಿಸ್ತೂಲುಗಳಿಗೆ ಬಳಕೆಯಾಗುವ .32 ತೋಟೆ ಹುಟ್ಟಿದ್ದೂ ಅದರ ಜೊತೆಗೇ. ಆ ಕಾಲದ ವಿನ್ಯಾಸಕಾರರು ಟ್ರಿಗರನ್ನೊಂದೇ ನಂಬಲಿಲ್ಲ. ಎಫ್‌ಎನ್‌ನ 1910ರ ಮಾದರಿಯಲ್ಲಿ ಹೆಬ್ಬೆರಳಿನ ಸೇಫ್ಟಿ, ಹಿಡಿ ಅಮುಕಿದರೆ ಮಾತ್ರ ಬಿಡುವ ಸೇಫ್ಟಿ, ಮ್ಯಾಗಜೀನ್ ತೆಗೆದರೆ ಗುಂಡು ಹಾರದಂತೆ ಮಾಡುವ ಸೇಫ್ಟಿ ಹೀಗೆ ಮೂರು ತಡೆಗಳಿದ್ದವು.

ಸ್ಟ್ರೈಕರಿಗೆ ಎರಡನೆಯ ಜನ್ಮ ಕೊಟ್ಟದ್ದು ಆಸ್ಟ್ರಿಯಾ. ಪರದೆಯ ಸರಳು, ಸೈನಿಕರ ಚಾಕು ತಯಾರಿಸುತ್ತಿದ್ದ ಗ್ಯಾಸ್ಟನ್ ಗ್ಲಾಕ್ ರೂಪಿಸಿದ ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲನ್ನು ಆಸ್ಟ್ರಿಯಾದ ಸೇನೆ 1982ರಲ್ಲಿ ಆರಿಸಿಕೊಂಡಿತು. ಗ್ಲಾಕ್ 17ರಲ್ಲಿ ಹೆಬ್ಬೆರಳಿನ ಸೇಫ್ಟಿ ಇಲ್ಲ. ಟ್ರಿಗರಿನ ಮಧ್ಯೆ ತೆಳುವಾದ ಒಂದು ನಾಲಿಗೆ ಇದೆ. ಬೆರಳು ಅದನ್ನು ನೇರವಾಗಿ ಒತ್ತದೆ ಟ್ರಿಗರ್ ಹಿಂದೆ ಸರಿಯುವುದಿಲ್ಲ. ಎರಡನೆಯ ತಡೆ ಮೊಳೆಯ ದಾರಿಗೆ ಅಡ್ಡ ಕೂರುವ ಉಕ್ಕಿನ ಗುಂಡಿ. ಮೂರನೆಯದು, ಪಿಸ್ತೂಲು ಕೆಳಗೆ ಬಿದ್ದಾಗ ಸ್ಟ್ರೈಕರನ್ನು ಹಿಡಿದ ಕೊಂಡಿ ಜಾರದಂತೆ ನೋಡಿಕೊಳ್ಳುವ ಮೆಟ್ಟಿಲು. ಸ್ಟ್ರೈಕರ್ ಭಾಗಶಃ ಮಾತ್ರ ಬಿಗಿದಿರುತ್ತದೆ, ಉಳಿದ ಬಿಗಿತವನ್ನು ಟ್ರಿಗರ್ ಎಳೆಯುವ ಬೆರಳೇ ತುಂಬುತ್ತದೆ. ಮೂರೂ ತಡೆಗಳು ಒಂದೇ ಎಳೆತದಲ್ಲಿ ಕಳಚಿ, ಬೆರಳು ತೆಗೆದೊಡನೆ ಮತ್ತೆ ಕೂಡಿಕೊಳ್ಳುತ್ತವೆ.

ಎಲ್ಲಿ ಎಡವಿತು

ಕೆಳಗೆ ಬಿದ್ದಾಗ ಹಾರದಿರುವುದು ಒಂದು ಸುರಕ್ಷತೆ, ಟ್ರಿಗರ್ ತಾಗಿದಾಗ ಹಾರದಿರುವುದು ಇನ್ನೊಂದು. ಗ್ಲಾಕ್ ಬಗೆಯ ಪಿಸ್ತೂಲು ಮೊದಲನೆಯದನ್ನು ಕೊಡುತ್ತದೆ. ಎರಡನೆಯದನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಟ್ರಿಗರಿನ ನಾಲಿಗೆಗೆ ಬೆರಳೂ ಒಂದೇ, ಜಾಕೆಟ್ಟಿನ ದಾರದ ಗಂಟೂ ಒಂದೇ. ಹಾಗಾಗಿ ಇಂಥ ಪಿಸ್ತೂಲಿಗೆ ಟ್ರಿಗರ್ ಕಾವಲನ್ನು ಪೂರ್ತಿ ಮುಚ್ಚುವ ಗಡಸು ಹೋಲ್‌ಸ್ಟರ್ ಅಲಂಕಾರವಲ್ಲ, ಸುರಕ್ಷತಾ ವ್ಯವಸ್ಥೆಯ ಅರ್ಧ ಭಾಗ. ಅದಿಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು, ಕೀಲಿಕೈ, ಪೆನ್ನುಗಳ ಜೊತೆ ಚೀಲಕ್ಕೆ ಹಾಕುವುದು ಎಲ್ಲಕ್ಕಿಂತ ಅಪಾಯಕಾರಿ ರೂಢಿ. ಸ್ವಚ್ಛ ಮಾಡಲು ಗ್ಲಾಕನ್ನು ಬಿಚ್ಚುವ ಮುನ್ನ ಟ್ರಿಗರ್ ಎಳೆಯಲೇಬೇಕು. ನಳಿಗೆಯಲ್ಲಿ ತೋಟೆ ಉಳಿದಿದೆಯೇ ಎಂದು ನೋಡದೆ ಎಳೆದವರಿಂದ ಅವಘಡಗಳಾಗಿವೆ. 2005ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ ಪಿಸ್ತೂಲಿನಲ್ಲಿ ಟ್ರಿಗರ್ ಎಳೆಯದೆಯೂ ಬಿಚ್ಚಲು ಅನುಕೂಲವಾಗುವ ಸಣ್ಣ ಸನ್ನೆ ಇಟ್ಟದ್ದು ಈ ಕಾರಣಕ್ಕೆ.

ಇನ್ನೊಂದು ಪ್ರಕರಣದಲ್ಲಿ ಎಡವಿದ್ದು ಯಂತ್ರವೇ. 2014ರಲ್ಲಿ ಬಂದ ಸಿಗ್ ಸಾವರ್ ಪಿ320ನ್ನು ಆಧರಿಸಿದ ಎಂ17 ಪಿಸ್ತೂಲನ್ನು ಅಮೆರಿಕದ ಸೇನೆ 2017ರ ಜನವರಿಯಲ್ಲಿ ಆಯ್ಕೆ ಮಾಡಿತು. ಅದೇ ವರ್ಷ, ನಾಗರಿಕ ಮಾದರಿಯ ಪಿ320 ನಿರ್ದಿಷ್ಟ ಕೋನದಲ್ಲಿ ಬೆನ್ನಡಿಯಾಗಿ ಬಿದ್ದರೆ ಗುಂಡು ಹಾರುತ್ತದೆ ಎಂಬುದು ಪರೀಕ್ಷೆಗಳಲ್ಲಿ ಬಯಲಾಯಿತು. ಬಿದ್ದ ಹೊಡೆತಕ್ಕೆ ಟ್ರಿಗರ್ ತನ್ನ ತೂಕದಿಂದಲೇ ಹಿಂದೆ ಸರಿಯುತ್ತಿತ್ತು. ಆಗಸ್ಟಿನಲ್ಲಿ ಕಂಪನಿ ಹಗುರ ಟ್ರಿಗರ್ ಮತ್ತು ಬದಲಾದ ಒಳಭಾಗಗಳನ್ನು ಉಚಿತವಾಗಿ ಅಳವಡಿಸಿಕೊಡುವ ಯೋಜನೆ ಪ್ರಕಟಿಸಿತು. ಹೋಲ್‌ಸ್ಟರಿನಲ್ಲಿದ್ದಾಗಲೇ ಗುಂಡು ಹಾರಿತು ಎಂಬ ಮೊಕದ್ದಮೆಗಳು ಆ ನಂತರವೂ ಬಂದವು. ಕಂಪನಿ ಆ ಆರೋಪವನ್ನು ಒಪ್ಪಿಲ್ಲ. ಸೇನೆಯ ಎಂ17ಕ್ಕೆ ಹೆಬ್ಬೆರಳಿನ ಸೇಫ್ಟಿ ಇದೆ ಎಂಬುದು ಇಲ್ಲಿ ಗಮನಾರ್ಹ.

ಕಾನೂನಿನ ತಡೆ

ಭಾರತದಲ್ಲಿ ಮೊದಲ ಸೇಫ್ಟಿ ಪರವಾನಗಿ. 1878ರ ಬ್ರಿಟಿಷ್ ಕಾಯ್ದೆಯ ಜಾಗಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದು ಜಾರಿಯಾದದ್ದು 1962ರಲ್ಲಿ. 9 ಎಂಎಂ ಪಿಸ್ತೂಲು ನಿಷಿದ್ಧ ಬೋರಿನ ಪಟ್ಟಿಯಲ್ಲಿರುವುದರಿಂದ ಗ್ಲಾಕ್ 17ರಂಥವು ಇಲ್ಲಿ ಭದ್ರತಾ ಪಡೆಗಳ ಕೈಯಲ್ಲಿವೆಯೇ ಹೊರತು ಸಾಮಾನ್ಯ ಪರವಾನಗಿದಾರರಿಗೆ ಸಿಗುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿ ಹೊಂದಿದವರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ, ತೆಂಗಿನಕಾಯಿಗೆ ಗುರಿಯಿಡುವ ಕೋವಿ ಅಲ್ಲಿನ ಮನೆತನದ ಆಸ್ತಿ. ಅದನ್ನು ಹಿಡಿಯುವ ಶಿಸ್ತನ್ನು ಮಕ್ಕಳು ಹಿರಿಯರಿಂದಲೇ ಕಲಿಯುತ್ತಾರೆ.

ಇಂಥ ಮನೆಪಾಠ ಇಲ್ಲದ ಕಡೆ ಏನಾಗುತ್ತದೆಂಬುದಕ್ಕೆ ರಾಜ್ಯದಲ್ಲೇ ನಿದರ್ಶನಗಳಿವೆ. 2021ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಜಗಳದ ನಡುವೆ ಪರವಾನಗಿ ಇದ್ದ ಪಿಸ್ತೂಲಿನಿಂದ ಹಾರಿದ ಗುಂಡಿಗೆ, ಅದರ ಗುರಿಯೇ ಅಲ್ಲದ ಹದಿಹರೆಯದ ಹುಡುಗ ಬಲಿಯಾದ. 2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಬಾಲಕನ ಕೈಗೆ ಸಿಕ್ಕ ಬಂದೂಕು ಸಿಡಿದು ಪುಟ್ಟ ಮಗು ಸತ್ತಿತು. ಪತ್ರಿಕೆಗಳು ಮಿಸ್‌ಫೈರ್ ಎಂದು ಬರೆಯುವ ಇಂಥ ಎಷ್ಟೋ ಘಟನೆಗಳಲ್ಲಿ ಆಯುಧ ಕೆಟ್ಟಿರುವುದಿಲ್ಲ. ತುಂಬಿಟ್ಟ ಆಯುಧ ತಾಗಬಾರದ ಕೈಗೆ ತಾಗಿರುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳು ಈ ಕೊರತೆಯನ್ನು ತುಂಬಲು ಹೊರಟವು. ಪರವಾನಗಿ ಕೇಳುವವರು ಆಯುಧವನ್ನು ಹಿಡಿಯುವುದು, ಒಯ್ಯುವುದು, ಜೋಪಾನವಾಗಿ ಇಡುವುದನ್ನು ಕಲಿಸುವ ತರಬೇತಿ ಪಡೆಯಬೇಕು. ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಝಳಪಿಸುವಂತಿಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು. ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಚುನಾವಣೆ ಬಂದಾಗಲೆಲ್ಲ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಕೃಷಿಕರು ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಪೈರನ್ನು ಹಂದಿ, ಮಂಗಗಳ ಬಾಯಿಗೆ ಬಿಟ್ಟು ಹೇಗೆ ಇರುವುದು ಎಂಬ ಅವರ ದೂರು ನ್ಯಾಯವಾದದ್ದು. ಯಾರ ಆಯುಧವನ್ನು ಒಪ್ಪಿಸಿಕೊಳ್ಳಬೇಕು, ಯಾರಿಗೆ ವಿನಾಯಿತಿ ಕೊಡಬಹುದು ಎಂದು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ನೋಡಿ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ವಿನಾಯಿತಿ ಬೇಕಾದವರು ಆ ಸಮಿತಿಗೆ ಅರ್ಜಿ ಕೊಡಬೇಕು.