ಜಪಾನಿನ ಲಿಂಫೋಮಾಗಳು ಮತ್ತು ವೈರಸ್ ನಂಟು: ಮೂರು ಬಗೆಯ ಕಾರಣಸಂಬಂಧ

ಸಾರಾಂಶ

ಜಪಾನಿನಲ್ಲಿ ಲಿಂಫೋಮಾದ ಉಪವಿಧಗಳ ಹಂಚಿಕೆ ಯುರೋಪು, ಅಮೆರಿಕಗಳಿಗಿಂತ ಬೇರೆ. ಈ ವ್ಯತ್ಯಾಸದಲ್ಲಿ ವೈರಸ್‌ಗಳ ಪಾತ್ರವಿದೆ. ಆದರೆ ಆ ಪಾತ್ರ ಒಂದೇ ಬಗೆಯದಲ್ಲ. ಪ್ರದೇಶ, ದೇಹದ ಸ್ಥಿತಿ, ಚಿಕಿತ್ಸೆಯ ಇತಿಹಾಸ ಇವು ಬೇರೆ ಬೇರೆ ಉಪವಿಧಗಳಲ್ಲಿ ನಿರ್ಣಾಯಕವಾಗಿವೆ ಎಂದು ಈ ಲೇಖನ ವಾದಿಸುತ್ತದೆ.

1. ಉಪವಿಧಗಳ ಹಂಚಿಕೆ

ಜಪಾನಿನ ಪೆಥಾಲಜಿಸ್ಟರ ಅಧ್ಯಯನ ತಂಡವೊಂದು ಮೂರು ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ವಿಂಗಡಿಸಿ 2000ರಲ್ಲಿ ಫಲಿತಾಂಶ ಪ್ರಕಟಿಸಿತು. ಅವುಗಳಲ್ಲಿ ಮೂರನೇ ಒಂದು ಭಾಗ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ. ಪಶ್ಚಿಮದಲ್ಲಿ ಎರಡನೆಯ ಸ್ಥಾನದಲ್ಲಿರುವ ಫಾಲಿಕ್ಯುಲರ್ ಲಿಂಫೋಮಾ ಇಲ್ಲಿ ಶೇ. 7ರ ಆಸುಪಾಸು, ಹಾಜ್‌ಕಿನ್ ಲಿಂಫೋಮಾ ಶೇ. 5ಕ್ಕಿಂತ ಕಡಿಮೆ. ಪಶ್ಚಿಮದಲ್ಲಿ ತೀರ ಅಪರೂಪವಾದ ವಯಸ್ಕರ ಟಿ-ಕೋಶ ಲ್ಯುಕೇಮಿಯ/ಲಿಂಫೋಮಾ (ಎಟಿಎಲ್) ಮಾತ್ರ ಶೇ. 7ನ್ನು ದಾಟಿದೆ. ಇವು ಒಟ್ಟು ಪ್ರಕರಣಗಳಲ್ಲಿನ ಪಾಲುಗಳೇ ಹೊರತು ಜನಸಂಖ್ಯೆಗೆ ಹೋಲಿಸಿದ ದರಗಳಲ್ಲ. ಆದ್ದರಿಂದ ಬಿ-ಕೋಶದ ಕೆಲವು ಲಿಂಫೋಮಾಗಳು ಕಡಿಮೆಯಿದ್ದರೆ ಸಾಕು, ಟಿ-ಕೋಶದವುಗಳ ಪಾಲು ಹಿಗ್ಗಿದಂತೆ ಕಾಣುತ್ತದೆ.

2. ಪ್ರದೇಶಕ್ಕೆ ಅಂಟಿದ ವೈರಸ್: ಎಚ್‌ಟಿಎಲ್‌ವಿ-1

1977ರಲ್ಲಿ ಕ್ಯೋಟೊದ ಕಿಯೋಶಿ ತಕಾತ್ಸುಕಿ ಮತ್ತು ಸಂಗಡಿಗರು ಎಟಿಎಲ್ ಅನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ರೋಗಿಗಳಲ್ಲಿ ಬಹುಪಾಲು ಜನ ನೈರುತ್ಯದ ಕ್ಯೂಶು ದ್ವೀಪದಲ್ಲಿ ಹುಟ್ಟಿದವರು ಎಂಬುದೇ ಮುಖ್ಯ ಸುಳಿವು. ಅಮೆರಿಕದಲ್ಲಿ ರಾಬರ್ಟ್ ಗ್ಯಾಲೊ ಅವರ ತಂಡ 1980ರಲ್ಲಿ ಮನುಷ್ಯರ ಮೊದಲ ರೆಟ್ರೊವೈರಸ್ಸನ್ನು ವರದಿ ಮಾಡಿತು. ಮರುವರ್ಷ ಯೋರಿಯೋ ಹಿನುಮ ಅವರ ತಂಡ ಎಟಿಎಲ್ ರೋಗಿಗಳ ರಕ್ತದಲ್ಲಿ ವೈರಸ್ಸೊಂದರ ವಿರುದ್ಧದ ಪ್ರತಿಕಾಯಗಳನ್ನು ಗುರುತಿಸಿತು. ಎರಡೂ ಕಡೆ ಸಿಕ್ಕಿದ್ದು ಒಂದೇ ವೈರಸ್, ಅಂದರೆ ಎಚ್‌ಟಿಎಲ್‌ವಿ-1, ಎಂಬುದು ನಂತರ ಸ್ಪಷ್ಟವಾಯಿತು.

ಈ ವೈರಸ್ ತನ್ನ ಆನುವಂಶಿಕ ಪ್ರತಿಯನ್ನು ಟಿ-ಕೋಶದ ಡಿಎನ್‌ಎಯೊಳಗೆ ಸೇರಿಸುತ್ತದೆ. ಟ್ಯಾಕ್ಸ್ ಎಂಬ ಅದರ ಪ್ರೋಟೀನು ಕೋಶವಿಭಜನೆಯನ್ನು ಪ್ರಚೋದಿಸುತ್ತದೆ. ಎಚ್‌ಬಿಜೆಡ್ ಎಂಬ ಇನ್ನೊಂದು ಅಂಶ ಸೋಂಕಿತ ಕೋಶಗಳು ಬದುಕುಳಿಯಲು ನೆರವಾಗುತ್ತದೆ. ಆದರೂ ಜೀವಮಾನದಲ್ಲಿ ರೋಗ ಕಾಣಿಸಿಕೊಳ್ಳುವುದು ವಾಹಕರಲ್ಲಿ ಸುಮಾರು ಶೇ. 5 ಜನರಿಗೆ ಮಾತ್ರ, ಅದೂ ದಶಕಗಳ ನಂತರ. ಟಿ-ಕೋಶಗಳಲ್ಲಿ ರೂಪಾಂತರಗಳು ಒಂದೊಂದಾಗಿ ಕೂಡಿಕೊಳ್ಳಲು ಅಷ್ಟು ಕಾಲ ಬೇಕು.

ಎಟಿಎಲ್‌ಗೆ ದಾರಿಮಾಡುವ ಸೋಂಕು ಹೆಚ್ಚಾಗಿ ತಾಯಿಯ ಎದೆಹಾಲಿನಿಂದ ಮಗುವಿಗೆ ದಾಟುತ್ತದೆ. ಆದ್ದರಿಂದಲೇ ವೈರಸ್ ಕೆಲವು ಊರು, ಕುಟುಂಬಗಳಲ್ಲಿ ತಲೆಮಾರುಗಳ ಕಾಲ ಉಳಿದಿದೆ.

3. ಎಲ್ಲರಲ್ಲೂ ಇರುವ ವೈರಸ್: ಎಪ್‌ಸ್ಟೀನ್-ಬಾರ್

ಎಪ್‌ಸ್ಟೀನ್-ಬಾರ್ ವೈರಸ್ ಜಗತ್ತಿನ ಶೇ. 90ಕ್ಕೂ ಹೆಚ್ಚು ವಯಸ್ಕರಲ್ಲಿ ಸುಪ್ತವಾಗಿದೆ. ಅದಕ್ಕೆ ಬಿಗಿಯಾಗಿ ಹೆಣೆದುಕೊಂಡಿರುವ ಮೂಗಿನ ಎನ್‌ಕೆ/ಟಿ-ಕೋಶ ಲಿಂಫೋಮಾ ಮಾತ್ರ ಪೂರ್ವ ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದಲ್ಲಿ ಹೆಚ್ಚು. ಸೋಂಕಿನ ಹರಡುವಿಕೆಯೊಂದರಿಂದಲೇ ಈ ಭೂಗೋಳವನ್ನು ವಿವರಿಸಲಾಗದು. ಸೋಂಕಿತನ ಆನುವಂಶಿಕ ಗುಣ ಮತ್ತು ರೋಗನಿರೋಧಕ ಶಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

4. ಚಿಕಿತ್ಸೆಯ ಇತಿಹಾಸ

ಪಯೋಥೊರಾಕ್ಸ್ (ಎದೆಗೂಡಿನಲ್ಲಿ ಕೀವು ನಿಲ್ಲುವ ಸ್ಥಿತಿ) ಸಂಬಂಧಿತ ಲಿಂಫೋಮಾದ ವರದಿಗಳು ಬಹುತೇಕ ಜಪಾನಿನವು. ಕ್ಷಯಕ್ಕೆ ಔಷಧ ಬರುವ ಮುನ್ನ ರೋಗಿಯ ಎದೆಗೂಡಿನೊಳಗೆ ಗಾಳಿ ತುಂಬಿಸಿ ಶ್ವಾಸಕೋಶವನ್ನು ಕುಗ್ಗಿಸುವ ಚಿಕಿತ್ಸೆಯಿತ್ತು. ಕೆಲವರಲ್ಲಿ ಆ ಜಾಗದಲ್ಲಿ ಕೀವು ನಿಂತು, ಉರಿಯೂತ ವರ್ಷಾನುಗಟ್ಟಲೆ ಉಳಿಯಿತು. ರೋಗನಿರೋಧಕ ಕೋಶಗಳ ಕಾವಲು ಸಡಿಲವಾದ ಆ ಪೊಳ್ಳಿನಲ್ಲಿ ಎಪ್‌ಸ್ಟೀನ್-ಬಾರ್ ಸೋಂಕಿತ ಬಿ-ಕೋಶಗಳು ಬೆಳೆದು, ಹಲವು ದಶಕಗಳ ನಂತರ ಗೆಡ್ಡೆಯಾದವು. ಚಿಕಿತ್ಸೆ ನಿಂತುಹೋದದ್ದರಿಂದ ಈ ಉಪವಿಧ ಆ ತಲೆಮಾರಿನೊಂದಿಗೆ ಕ್ಷೀಣಿಸುತ್ತಿದೆ.

5. ಸಮಾರೋಪ

ಕಾರಣಸಂಬಂಧ ಬೇರೆಯಾದಾಗ ತಡೆಯುವ ದಾರಿಯೂ ಬೇರೆಯಾಗುತ್ತದೆ. ಎಚ್‌ಟಿಎಲ್‌ವಿ-1ಕ್ಕೆ ಸ್ಪಷ್ಟ ದಾರಿಯಿದೆ: ಜಪಾನ್ 1986ರಲ್ಲಿ ರಕ್ತದಾನಿಗಳ ತಪಾಸಣೆ ಆರಂಭಿಸಿತು, ನಾಗಾಸಾಕಿಯಲ್ಲಿ 1987ರಿಂದ ಗರ್ಭಿಣಿಯರನ್ನು ಪರೀಕ್ಷಿಸಿ ವಾಹಕ ತಾಯಂದಿರಿಗೆ ಬಾಟಲಿ ಹಾಲಿನ ಸಲಹೆ ನೀಡಲಾಯಿತು. ದೀರ್ಘಕಾಲ ಎದೆಹಾಲು ಕುಡಿದ ಮಕ್ಕಳಲ್ಲಿ ಸುಮಾರು ಶೇ. 20ರಷ್ಟಿದ್ದ ಸೋಂಕು, ಬಾಟಲಿ ಹಾಲಿನ ಮಕ್ಕಳಲ್ಲಿ ಶೇ. 3ರ ಆಸುಪಾಸಿಗೆ ಇಳಿಯಿತು. ಬಹುತೇಕ ಎಲ್ಲರಿಗೂ ತಗಲುವ ಎಪ್‌ಸ್ಟೀನ್-ಬಾರ್‌ಗೆ ಇಂಥ ಕ್ರಮ ಒಗ್ಗದು.

ಈಗ ಎಚ್‌ಟಿಎಲ್‌ವಿ-1ರ ಹಲವು ವಾಹಕರು ಕ್ಯೂಶುವಿನಿಂದ ಟೋಕಿಯೊದಂಥ ಮಹಾನಗರಗಳಿಗೆ ವಲಸೆ ಹೋಗಿದ್ದಾರೆ. ರೋಗಿ ಈಗ ವಾಸಿಸುವ ಊರನ್ನಷ್ಟೇ ದಾಖಲಿಸಿದರೆ ಎಟಿಎಲ್‌ನ ಮೂಲ ತಿಳಿಯದು. ಕ್ಯಾನ್ಸರ್ ನೋಂದಣಿಯಲ್ಲಿ ಉಪವಿಧ ಮತ್ತು ವೈರಸ್ ಪರೀಕ್ಷೆಯ ಜೊತೆಗೆ ರೋಗಿ ಹುಟ್ಟಿದ ಊರು, ಹಿಂದೆ ಪಡೆದ ಚಿಕಿತ್ಸೆ ಇವೂ ಸೇರಿದಾಗಲೇ ರಾಷ್ಟ್ರೀಯ ಸರಾಸರಿಗಳು ಅರ್ಥ ಪಡೆಯುತ್ತವೆ.