ರಕ್ಕಸಗಿ-ತಂಗಡಗಿ ಯುದ್ಧವೂ ರಾಮರಾಯನ ಅಪಕೀರ್ತಿಯೂ

ಮುದ್ದೇಬಿಹಾಳ ಸೀಮೆಯಲ್ಲಿ ಕೃಷ್ಣಾತೀರದ ರಕ್ಕಸಗಿ, ತಂಗಡಗಿ ಗ್ರಾಮಗಳೂ ಡೋಣೀ ನದಿಯ ದಡದ ತಾಳಿಕೋಟೆಯೂ ವಿಜಯನಗರದ ಪತನದೊಡನೆ ಹೆಸರುಗೊಂಡಿರುವುವು. ಸುಲ್ತಾನರ ಸೈನ್ಯಗಳು ೧೫೬೪ನೆಯ ಇಸವಿಯ ಕೊನೆಯಲ್ಲಿ ತಾಳಿಕೋಟೆಯಲ್ಲಿ ನೆರೆದುವು. ಯುದ್ಧವು ೧೫೬೫ನೆಯ ಜನವರಿ ೨೩ರಂದು ಅಲ್ಲಿಂದ ದಕ್ಷಿಣಕ್ಕೆ, ಕೃಷ್ಣೆಯ ಪ್ರಾಂತದಲ್ಲಿ ನಡೆಯಿತು. ಅಂದು ಅಳಿಯ ರಾಮರಾಯನು ಸೆರೆಸಿಕ್ಕಿ ಶಿರಚ್ಛೇದಕ್ಕೆ ಗುರಿಯಾದನು. ಆಮೇಲೆ ರಾಜ್ಯನಾಶದ ಹೊಣೆಯೆಲ್ಲವೂ ಅವನ ಔದ್ಧತ್ಯದ ಮೇಲೆಯೇ ಹೊರಿಸಲ್ಪಟ್ಟಿರುವುದು. ಈ ನಿರ್ಣಯವು ಪುನರ್ವಿಮರ್ಶೆಗೆ ಅರ್ಹವೆಂದು ನಮ್ಮ ಅಭಿಪ್ರಾಯ.

ಯುದ್ಧದಲ್ಲಿ ಸೋತ ಮಾತ್ರಕ್ಕೆ ರಾಜ್ಯವು ಅಳಿಯಲಾರದು. ಒಂದನೆಯ ದೇವರಾಯನು ೧೪೦೬ರ ಸುಮಾರಿಗೆ ಬಹಮನೀ ಫಿರೋಜಶಾಹನಿಗೆ ಸೋತನು. ಶತ್ರುಸೇನೆಯು ರಾಜಧಾನಿಯ ಬಾಗಿಲವರೆಗೂ ಬಂದಿದ್ದಿತು. ಆದರೂ ನಗರವು ಉಳಿಯಿತು. ೧೪೨೦ರ ಸುಮಾರಿಗೆ ಪಾನಗಲ್ಲಿನಲ್ಲಿ ಅದೇ ಫಿರೋಜನು ಸೋತು ಹಿಮ್ಮೆಟ್ಟಿದನು. ೧೫೬೫ರಲ್ಲಾದರೋ, ಕೋಟೆಕೊತ್ತಲಗಳು ನಿಂತಿರುವಂತೆಯೇ ನಗರವು ಅನಾಥವಾಯಿತು. ರಾಮರಾಯನ ತಮ್ಮನಾದ ತಿರುಮಲನು ಭಂಡಾರವನ್ನೂ ಸದಾಶಿವರಾಯನನ್ನೂ ಸಾಗಿಸಿಕೊಂಡು ಪೆನುಗೊಂಡೆಯ ಕಡೆಗೆ ಹೊರಟುಹೋದನು. ಗೆದ್ದವರು ಎದುರಿಲ್ಲದೆ ಒಳಹೊಕ್ಕರು.

ಎದುರಿಸುವವರು ಏಕೆ ಇರಲಿಲ್ಲ? ನೀತಿಶಾಸ್ತ್ರಜ್ಞರು ಪ್ರಭುಶಕ್ತಿ, ಮಂತ್ರಶಕ್ತಿ, ಉತ್ಸಾಹಶಕ್ತಿಗಳೆಂದು ರಾಜಶಕ್ತಿಯನ್ನು ಮೂರಾಗಿ ವಿಭಾಗಿಸಿರುವರು. ೧೫೪೩ರ ವೇಳೆಗೆ ಸದಾಶಿವನನ್ನು ಪಟ್ಟಕ್ಕೆ ತಂದ ರಾಮರಾಯನು ಈ ಮೂರನ್ನೂ ತನ್ನಲ್ಲಿಯೇ ಸೇರಿಸಿಕೊಂಡನು. ಶಾಸನಗಳಲ್ಲಿ ಸದಾಶಿವನ ಹೆಸರು ಮೆರೆಯಿತು, ಅಧಿಕಾರವು ರಾಮರಾಯನದಾಗಿದ್ದಿತು. ಅರಸನನ್ನು ವರ್ಷಕ್ಕೊಮ್ಮೆ ಮಾತ್ರ ಪ್ರಜೆಗಳಿಗೆ ತೋರಿಸುತ್ತಿದ್ದರೆಂದು ವೆನಿಸಿನ ವರ್ತಕ ಫೆಡೆರಿಚಿಯು ಬರೆದಿರುವನು. ಹೀಗೆ ಪಟ್ಟದ ಅರಸನಿಗೆ ಆಜ್ಞೆಮಾಡುವ ರೂಢಿಯೇ ತಪ್ಪಿಹೋಯಿತು. ಆಜ್ಞೆಮಾಡುತ್ತಿದ್ದವನು ಮಡಿದ ದಿನ, ನಿಂತು ಕಾದಿರೆಂದು ಹೇಳಬಲ್ಲವನು ರಾಜ್ಯದಲ್ಲಿ ಯಾರೂ ಉಳಿಯಲಿಲ್ಲ.

ತಿರುಮಲನು ಸುಮ್ಮನೆ ಕುಳಿತಿರಲಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಅದು ನಿಜ. ಶತ್ರುಗಳು ತೆರಳಿದ ಬಳಿಕ ಅವನು ಮರಳಿ ಬಂದು ನಗರವನ್ನು ನೆಲೆಗೊಳಿಸಲು ಯತ್ನಿಸಿದನು. ೧೫೬೭ರಲ್ಲಿ ಅಲ್ಲಿದ್ದ ಫೆಡೆರಿಚಿಯೇ ಇದಕ್ಕೆ ಸಾಕ್ಷಿ. ಆದರೆ ಗೋವೆಯ ಕಡೆಯ ವರ್ತಕರಿಂದ ಕುದುರೆಗಳನ್ನು ತರಿಸಿಕೊಂಡು ಬೆಲೆ ಕೊಡದೆ ಕಳುಹಿಸಿದನೆಂದೂ ಆತನೇ ಹೇಳುವನು. ಅಶ್ವಬಲವನ್ನೇ ನೆಚ್ಚಿದ ರಾಜ್ಯವು ವರ್ತಕರ ವಿಶ್ವಾಸವನ್ನು ಕಳೆದುಕೊಂಡ ಮೇಲೆ ಚೇತರಿಸಿಕೊಳ್ಳುವುದೆಂತು? ತಿರುಮಲನು ಪುನಃ ಪೆನುಗೊಂಡೆಗೆ ನಡೆದನು. ಬರಿದಾದ ಮನೆಗಳಲ್ಲಿ ಹುಲಿಗಳು ಸೇರಿದುವೆಂದು ಫೆಡೆರಿಚಿಯು ವರ್ಣಿಸಿರುವನು. ಕಾಲವು ಮೀರಿದ ಮೇಲೆ ಮಾಡಿದ ಯತ್ನವು ಮೊದಲಿನ ಔದಾಸೀನ್ಯವನ್ನು ಅಳಿಸಲಾರದೆ ಹೋಯಿತು.

ಲೋಕವು ಮಾಡಿದ ತಪ್ಪನ್ನು ಎಣಿಸುವುದು. ಮಾಡದೆ ಬಿಟ್ಟುದನ್ನು ಮರೆಯುವುದು. ರಾಮರಾಯನು ಸುಲ್ತಾನರ ಪರಸ್ಪರ ಕಲಹದಲ್ಲಿ ಕೈಹಾಕಿ ಅವರನ್ನು ಒಂದುಗೂಡಿಸಿದನೆಂಬ ದೂಷಣೆ ಅಸತ್ಯವಲ್ಲ. ಆದರೆ ವೃದ್ಧಾಪ್ಯದಲ್ಲಿಯೂ ರಣರಂಗಕ್ಕೆ ಹೋದವನನ್ನು ಹೇಡಿಯೆನ್ನಲಾಗದು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ತನ್ನ ತರುವಾಯ ರಾಜ್ಯಭಾರವನ್ನು ಹೊರಬಲ್ಲವನನ್ನು ಸಿದ್ಧಗೊಳಿಸದೆ ಇದ್ದುದೇ ಅವನ ದೊಡ್ಡ ಅಪರಾಧ. ಕೃಷ್ಣಾತೀರದಲ್ಲಿ ಅವನು ಕಳೆದುಕೊಂಡುದು ಒಂದು ಯುದ್ಧವನ್ನು ಮಾತ್ರ. ರಾಜಧಾನಿಯಾದರೋ ಅದಕ್ಕೆ ಬಹಳ ಮೊದಲೇ ಅವನ ಸ್ವಂತ ಆಡಳಿತದಲ್ಲಿ ರಕ್ಷಕರಿಲ್ಲದಂತಾಗಿದ್ದಿತು.