ಜಿಗಿಯುವ ಕುದುರೆಯ ರಜೆಯ ಲೆಕ್ಕ

ದೆಹಲಿಯ ಕನ್ನಡ ಬಂಧುಗಳಿಗೆ ತೀನ್ ಮೂರ್ತಿ ವೃತ್ತವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಅಲ್ಲಿ ಕಲ್ಲಿನ ಕಂಬದ ಸುತ್ತ ನಿಂತಿರುವ ಮೂರು ಕಂಚಿನ ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದು ಸಂಸ್ಥಾನಗಳ ಸವಾರರವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಅಶ್ವಪಡೆಯಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರೆಂಬುದನ್ನು ಊರಿನಿಂದ ಬಂದ ನೆಂಟರಿಗೆಲ್ಲ ಹೇಳಿ ಬೆನ್ನು ನೇರ ಮಾಡಿಕೊಳ್ಳುವುದು ನಮ್ಮ ಅಭ್ಯಾಸ. ಎರಡು ಚಳಿಗಾಲಗಳ ಹಿಂದೆ ಹೀಗೆ ಹೇಳುತ್ತಿದ್ದಾಗ ನಮ್ಮ ಮಗಳು ಕೇಳಿದಳು: “ಅಪ್ಪಾ, ಇವರು ಸವಾರರಾದರೆ ಕುದುರೆಗಳೆಲ್ಲಿ?” ನಿಜವೇ, ಮೂವರೂ ನೆಲದ ಮೇಲೆಯೇ ನಿಂತಿದ್ದಾರೆ. “ಕುದುರೆಗಳಿಗೆ ರಜೆ ಕಣಮ್ಮ” ಎಂದು ಹೇಳಿ ಬಸ್ಸು ಹತ್ತಿದೆವು. ತಮಾಷೆಗೆ ಆಡಿದ ಆ ಮಾತೇ ಈ ಲೇಖನಕ್ಕೆ ಮೂಲವಾಯಿತು.

ಆ ವಾರ ದಂಡುಪ್ರದೇಶದಲ್ಲಿ ಕುದುರೆಗಳ ಪ್ರದರ್ಶನ ನಡೆಯುತ್ತಿತ್ತು. ಮಗಳಿಗೆ ಕುದುರೆ ತೋರಿಸಲೇಬೇಕಾದ್ದರಿಂದ ಭಾನುವಾರ ಬುತ್ತಿ ಕಟ್ಟಿಕೊಂಡು ಹೋದೆವು. ಬಣ್ಣಬಣ್ಣದ ಗಳಗಳನ್ನು ಅಡ್ಡಡ್ಡ ಇರಿಸಿ ಮಾಡಿದ ಹನ್ನೆರಡು ತಡೆಗಳನ್ನು ಒಂದಾದ ಮೇಲೊಂದರಂತೆ ದಾಟುವ ಪಂದ್ಯ ಅದು. ಒಂದು ಗಳ ಬಿದ್ದರೆ ನಾಲ್ಕು ತಪ್ಪಂಕ. ಊಟದ ಹೊತ್ತಿನಲ್ಲಿ ಲಾಯಗಳ ಹಿಂದೆ ಸುತ್ತಾಡುತ್ತಿದ್ದಾಗ, ಒಬ್ಬ ವಯಸ್ಸಾದ ಸಾಯಿಸನು ಕಂದು ಬಣ್ಣದ ಹೆಣ್ಣುಕುದುರೆಯೊಂದನ್ನು ಹಗ್ಗ ಹಿಡಿದು ಮೆಲ್ಲಗೆ ನಡೆಸುತ್ತಿದ್ದುದು ಕಂಡಿತು. ಇದೇಕೆ ಪಂದ್ಯಕ್ಕಿಲ್ಲ ಎಂದು ಕೇಳಿದೆವು. ಮುಂಗಾಲಿನ ನರ ಹಿಡಿದಿದೆ, ದಿನಕ್ಕೆ ಎರಡು ಬಾರಿ ಹತ್ತು ಹತ್ತು ನಿಮಿಷ ನಡೆಸಬೇಕೆಂದು ಡಾಕ್ಟರ್ ಸಾಹೇಬರ ಅಪ್ಪಣೆಯಾಗಿದೆ ಎಂದ. “ಮತ್ತೆ ಜಿಗಿಯುವುದು ಯಾವಾಗ?” “ಮುಂದಿನ ಚಳಿಗಾಲ, ದೇವರಿಚ್ಛೆ.” ಒಂದು ವರ್ಷ! ಗಳಿಕೆ ರಜೆ ಮುನ್ನೂರು ದಿನಕ್ಕಿಂತ ಹೆಚ್ಚು ಕೂಡಿಡಲಾಗದ ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ಹೊಟ್ಟೆಕಿಚ್ಚಾಗದೆ ಇರಲಿಲ್ಲ.

ಕುದುರೆಯ ರಜೆಯ ನಿಯಮಗಳನ್ನು ಬರೆದಿಟ್ಟವರು ಯಾರು ಎಂದು ಹುಡುಕುತ್ತ ಹೋದರೆ ನಾವು ಬಹಳ ದೂರ ಹೋಗಬೇಕಾಗುತ್ತದೆ. ಈಗಿನ ತುರ್ಕಿ ದೇಶದ ಬೊಗಾಜ್‌ಕೊಯ್ ಎಂಬಲ್ಲಿ ಪ್ರಾಚೀನ ಹಿಟ್ಟೈಟರ ರಾಜಧಾನಿ ಹತ್ತುಶಾ ಇತ್ತು. ಅಲ್ಲಿ 1906-07ರಲ್ಲಿ ಹ್ಯೂಗೊ ವಿಂಕ್ಲರ್ ನಡೆಸಿದ ಉತ್ಖನನದಲ್ಲಿ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಅವುಗಳಲ್ಲಿ ನಾಲ್ಕು ಫಲಕಗಳು ಕುದುರೆ ಪಳಗಿಸುವವನೊಬ್ಬನ ಕೈಪಿಡಿ. ಬರೆಸಿದವನು ಮಿತನ್ನಿ ದೇಶದ ಕಿಕ್ಕುಲಿ, ಕಾಲ ಸುಮಾರು ಕ್ರಿ.ಪೂ. 14ನೆಯ ಶತಮಾನ. (ಹೆಸರು ಕೇಳಿ ನಮ್ಮ ಕುಕ್ಕುಲೋಟಕ್ಕೂ ಇವನಿಗೂ ಯಾರೂ ಸಂಬಂಧ ಹಚ್ಚಬಾರದಾಗಿ ವಿನಂತಿ.) ರಥದ ಕುದುರೆಯನ್ನು ಆರೇಳು ತಿಂಗಳಲ್ಲಿ ಯುದ್ಧಕ್ಕೆ ಸಿದ್ಧಗೊಳಿಸುವ ದಿನಚರಿ ಅದರಲ್ಲಿದೆ. ಇಂದು ಎಷ್ಟು ದೂರ ನಡೆಸಬೇಕು, ಎಷ್ಟು ದೂರ ಓಡಿಸಬೇಕು, ಯಾವಾಗ ಹೊಳೆಗಿಳಿಸಿ ಮೈ ತೊಳೆಯಬೇಕು, ಯಾವಾಗ ಕಂಬಳಿ ಹೊದಿಸಬೇಕು, ಬಾರ್ಲಿ ಎಷ್ಟು, ಹುಲ್ಲೆಷ್ಟು, ಯಾವ ದಿನ ಸುಮ್ಮನೆ ಬಿಡಬೇಕು ಎಂದು ದಿನವಹಿ ಬರೆದಿದೆ. ನಮ್ಮ ಕಚೇರಿಯ ಹಾಜರಿ ಪುಸ್ತಕ ಕೂಡ ಇಷ್ಟು ಕಟ್ಟುನಿಟ್ಟಾಗಿರುವುದಿಲ್ಲ.

ನಮ್ಮವರಿಗೆ ರೋಮಾಂಚನವಾಗುವ ಸಂಗತಿ ಬೇರೆಯೇ ಇದೆ. ಹಿಟ್ಟೈಟ್ ಭಾಷೆಯ ಈ ಬರಹದ ನಡುವೆ ಓಟದ ಸುತ್ತುಗಳನ್ನು ಎಣಿಸುವಾಗ ಕಿಕ್ಕುಲಿ ‘ಐಕವರ್ತನ್ನ’, ‘ತೇರವರ್ತನ್ನ’, ‘ಪಂಜವರ್ತನ್ನ’, ‘ಸತ್ತವರ್ತನ್ನ’ ಎಂಬ ಮಾತುಗಳನ್ನು ಬಳಸುತ್ತಾನೆ. ಏಕ, ತ್ರಿ, ಪಂಚ, ಸಪ್ತ, ವರ್ತನವೆಂದರೆ ಸುತ್ತು. ಸಾವಿರಾರು ಮೈಲಿ ದೂರದ ಮಣ್ಣಿನ ಫಲಕದಲ್ಲಿ ನಮ್ಮ ಮಗ್ಗಿಯ ನೆಂಟರು! 1991ರಲ್ಲಿ ಆಸ್ಟ್ರೇಲಿಯದ ವಿದುಷಿ ಆನ್ ನೈಲೆಂಡ್ ಈ ಕ್ರಮವನ್ನು ಅರಬ್ಬೀ ಕುದುರೆಗಳ ಮೇಲೆ ಪ್ರಯೋಗಿಸಿ ನೋಡಿದರು. ಓಟ, ನಡಿಗೆ, ಮತ್ತೆ ಓಟ ಎಂದು ಬಿಡುವು ಕೊಟ್ಟು ಬಿಡುವು ಕೊಟ್ಟು ದುಡಿಸುವ ಈ ಪದ್ಧತಿ ಇಂದಿನ ಕ್ರೀಡಾ ತರಬೇತಿಯ ಪದ್ಧತಿಗೆ ಬಹಳ ಹತ್ತಿರವೆಂದು ಅವರು ತೋರಿಸಿಕೊಟ್ಟರು.

ನಮ್ಮ ಕೌಟಿಲ್ಯನೇನೂ ಕಡಿಮೆಯಲ್ಲ. ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಸವಾರಿ ಕುದುರೆಯ ಗತಿಗಳನ್ನು ಹೇಳುವಾಗ ‘ಲಂಘನ’ವೂ ಒಂದು. ಲಂಘನವೆಂದರೆ ಜಿಗಿತ. ಯುದ್ಧದಿಂದಲೋ ರೋಗದಿಂದಲೋ ಮುಪ್ಪಿನಿಂದಲೋ ಕೆಲಸಕ್ಕೆ ಬಾರದಾದ ಕುದುರೆಗೆ ಬರಿಯ ಗ್ರಾಸ ಕೊಟ್ಟು ಸಾಕಬೇಕೆಂದೂ ಅಲ್ಲಿಯೇ ವಿಧಿಸಿದೆ. ಪಿಂಚಣಿಯ ನಿಯಮ ಕುದುರೆಗೆ ಅಷ್ಟು ಹಿಂದೆಯೇ ಇತ್ತು ಎಂದಾಯಿತು. ಆಯುರ್ವೇದದಲ್ಲಿ ಲಂಘನವೆಂದರೆ ಉಪವಾಸ. ಜಿಗಿತಕ್ಕೂ ಉಪವಾಸಕ್ಕೂ ಒಂದೇ ಮಾತೇಕೆಂದು ನಾವು ತಲೆ ಕೆರೆದುಕೊಂಡಿದ್ದುಂಟು. ಆದರೆ ಕುದುರೆಯ ವಿಷಯದಲ್ಲಿ ಎರಡಕ್ಕೂ ನಂಟಿರುವುದು ಮುಂದೆ ತಿಳಿಯುತ್ತದೆ.

ಜಿಗಿತವೇ ಒಂದು ಪಂದ್ಯವಾದದ್ದು ತೀರ ಈಚೆಗೆ. ಐರ್ಲೆಂಡಿನ ಡಬ್ಲಿನ್ನಿನಲ್ಲಿ 1868ರ ಕುದುರೆ ಪ್ರದರ್ಶನದಲ್ಲಿ ಎತ್ತರದ ಜಿಗಿತ, ಅಗಲದ ಜಿಗಿತ ಎಂಬ ಪಂದ್ಯಗಳನ್ನಿಟ್ಟರು. ಬೇಟೆಯ ಕುದುರೆಗಳ ಯೋಗ್ಯತೆಯನ್ನು ಪರೀಕ್ಷಿಸುವುದು ಅದರ ಉದ್ದೇಶ. ಆ ಬೇಟೆ ಕುದುರೆಗಳ ವರ್ಷವನ್ನು ಗಮನಿಸಬೇಕು. ನವೆಂಬರಿನಿಂದ ವಸಂತದವರೆಗೆ ನರಿಬೇಟೆ. ಬೇಲಿ, ಹಳ್ಳ, ಗೋಡೆಗಳ ಮೇಲೆ ನಾಗಾಲೋಟ. ಬೇಟೆ ಮುಗಿದೊಡನೆ ಧಾನ್ಯವನ್ನು ದಿನದಿನಕ್ಕೆ ಇಳಿಸಿ, ಹೊದಿಕೆ ತೆಗೆದು, ಲಾಳ ಕಿತ್ತು, ಹುಲ್ಲುಗಾವಲಿಗೆ ಬಿಡುವರು. ಬೇಸಿಗೆಯೆಲ್ಲ ಅದರ ಪಾಡಿಗೆ ಅದು. ಆಗಸ್ಟಿನಲ್ಲಿ ಮತ್ತೆ ಲಾಯಕ್ಕೆ ತಂದು ವಾರಗಟ್ಟಲೆ ಗಟ್ಟಿ ರಸ್ತೆಯ ಮೇಲೆ ಬರಿಯ ನಡಿಗೆ, ಆಮೇಲೆ ಕುಕ್ಕುಲೋಟ, ಕೊನೆಗೆ ದೌಡು. ಅವರಿಗೆ ಈ ಕ್ರಮವನ್ನು ಕಲಿಸಿದ್ದು ಯಾವ ಶಾಸ್ತ್ರವೂ ಅಲ್ಲ, ಹವಾಮಾನ ಮತ್ತು ಬೆಳೆ. ಹೊಲದಲ್ಲಿ ಪೈರು ನಿಂತಾಗ ಬೇಟೆಯಿಲ್ಲ, ಬೇಟೆಯಿಲ್ಲದಾಗ ಕುದುರೆಗೆ ಕೆಲಸವಿಲ್ಲ.

ಆ ನಡಿಗೆಯ ವಾರಗಳು ಎಷ್ಟು ಬೆಲೆಯುಳ್ಳವೆಂಬುದು ಇಂದು ವಿಜ್ಞಾನದಿಂದ ಸ್ಪಷ್ಟವಾಗಿದೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ್ದು ನಮಗೆ ಉಪಯೋಗಕ್ಕೆ ಬಂದ ಕೆಲವೇ ಸಂದರ್ಭಗಳಲ್ಲಿ ಇದೊಂದು. ಕುದುರೆಯ ಹೃದಯ, ಮಾಂಸಖಂಡಗಳು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಮೂಳೆ, ಸ್ನಾಯುರಜ್ಜುಗಳು ಬಲಿಯಲು ತಿಂಗಳುಗಳು ಬೇಕು. ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲವೆನ್ನಬಹುದು. ಮೂಳೆ, ಚರ್ಮ, ನಡುವೆ ಹಗ್ಗದಂಥ ರಜ್ಜುಗಳು. ಒಂದೂವರೆ ಮೀಟರು ಎತ್ತರದಿಂದ ಇಳಿಯುವಾಗ ಐನೂರು ಕಿಲೊ ತೂಕದ ದೇಹ ಮತ್ತು ಮೇಲಿನ ಸವಾರ, ಎಲ್ಲ ಭಾರವೂ ಮೊದಲು ಒಂದು ಮುಂಗಾಲಿನ ಮೇಲೆ, ಕ್ಷಣಾರ್ಧದಲ್ಲಿ ಇನ್ನೊಂದರ ಮೇಲೆ ಬೀಳುತ್ತದೆ. ಎದೆಯಲ್ಲಿ ಉಸಿರಿದೆ, ಕುದುರೆ ಕುಣಿಯುತ್ತಿದೆ ಎಂದು ಬೇಗ ಜಿಗಿಸಿದರೆ ಕೆಡುವುದು ಉಸಿರಲ್ಲ, ಕಾಲು. ರಜ್ಜು ಹರಿದರೆ ಮತ್ತೆ ಕೂಡಲು ಒಂಬತ್ತು ತಿಂಗಳಿಂದ ಒಂದು ವರ್ಷ. ಸಾಯಿಸನು ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು.

ಹಾಗಾದರೆ ಲಾಯದಲ್ಲಿ ಕಟ್ಟಿ ತಿನ್ನಿಸಿದರೆ ವಿಶ್ರಾಂತಿಯಾಯಿತೇ? ಇಲ್ಲಿಯೇ ನಮ್ಮ ಹಿರಿಯರೂ ಯೂರೋಪಿನವರೂ ಬೇರೆ ಬೇರೆ ಪಾಠ ಕಲಿತರು. ನಮ್ಮ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿನ ಕೊರಳಿಗೆ ನೊಗವಿಡುವುದಿಲ್ಲ. ಎತ್ತು ಹೊರಗೆ ಮೇಯುತ್ತ ಅಡ್ಡಾಡಿಕೊಂಡಿರುತ್ತದೆ. ಯೂರೋಪಿನ ಪಟ್ಟಣಗಳಲ್ಲಿ ಬಂಡಿ ಎಳೆಯುವ ಭಾರಿ ಕುದುರೆಗಳಿಗೆ ಭಾನುವಾರ ರಜೆ. ದಿನವೆಲ್ಲ ಲಾಯದಲ್ಲಿ ನಿಂತೇ ಇರುವುದು, ಧಾನ್ಯ ಮಾತ್ರ ದುಡಿಯುವ ದಿನದಷ್ಟೇ. ಸೋಮವಾರ ಬೆಳಿಗ್ಗೆ ಬಂಡಿಗೆ ಹೂಡಿದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆವರಿ, ತೊಡೆ ಕಲ್ಲಿನಂತೆ ಸೆಟೆದು, ಕಾಫಿ ಬಣ್ಣದ ಮೂತ್ರ ಹೋಗುತ್ತ ನಿಂತುಬಿಡುತ್ತಿತ್ತು. ಎಷ್ಟೋ ಕುದುರೆಗಳು ಬಿದ್ದಲ್ಲಿಯೇ ಸತ್ತವು. ಇದಕ್ಕೆ ‘ಸೋಮವಾರ ಬೆಳಗಿನ ಬೇನೆ’ ಎಂದೇ ಹೆಸರಾಯಿತು. ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ನಮ್ಮ ವಿಭಾಗದವರನ್ನು ನೋಡಿದರೆ ಇದು ಕುದುರೆಗಷ್ಟೇ ಸೀಮಿತವಲ್ಲವೆನ್ನಿಸುತ್ತದೆ; ಅದಿರಲಿ. ಅನುಭವಸ್ಥ ಸಾರಥಿಗಳು ಕಂಡುಕೊಂಡ ಮದ್ದು ಸರಳ. ರಜೆಯ ಹಿಂದಿನ ರಾತ್ರಿಯೇ ಧಾನ್ಯ ನಿಲ್ಲಿಸಿ ಬೂಸಾ ಗಂಜಿ ಕೊಡುವುದು, ರಜೆಯ ದಿನವೂ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಡೆಸುವುದು. ಲಂಘನ ಮಾಡುವ ಕುದುರೆಗೆ ಲಂಘನವೂ ಬೇಕು ಎಂದಾಯಿತು. ಮಾಂಸಖಂಡದಲ್ಲಿ ಶರ್ಕರ ವಿಪರೀತ ಶೇಖರವಾಗುವ ಆನುವಂಶಿಕ ದೋಷವೊಂದು ಈ ಬೇನೆಗೆ ಒಂದು ಕಾರಣವೆಂದು 2008ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಸಾರಥಿಗಳ ಮದ್ದು ಮಾತ್ರ ಬದಲಾಗಿಲ್ಲ.

ಜಿಗಿತದ ಚರಿತ್ರೆಯಲ್ಲಿ ವಿಶ್ರಾಂತಿ ಮಿತಿಮೀರಿದ್ದಕ್ಕೆ ಒಂದು ಪ್ರಸಿದ್ಧ ದೃಷ್ಟಾಂತವಿದೆ. ಬ್ರಿಟನ್ನಿನ ಹ್ಯಾರಿ ಲ್ಯೂಯೆಲಿನ್ ಎಂಬ ಸವಾರರ ಬಳಿ ಫಾಕ್ಸ್‌ಹಂಟರ್ ಎಂಬ ಕುದುರೆಯಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಕೊನೆಯ ದಿನ, ಅಲ್ಲಿಯವರೆಗೆ ಬ್ರಿಟನ್ನಿಗೆ ಒಂದು ಚಿನ್ನದ ಪದಕವೂ ಬಂದಿರಲಿಲ್ಲ. ಬೆಳಗಿನ ಸುತ್ತಿನಲ್ಲಿ ಫಾಕ್ಸ್‌ಹಂಟರ್ ತಡೆಯಿಂದ ತಡೆಗೆ ತಡವರಿಸಿ 16.75 ತಪ್ಪಂಕ ಮಾಡಿಕೊಂಡಿತು. ಕುದುರೆ ದಣಿಯಬಾರದೆಂದು ಪಂದ್ಯಕ್ಕೆ ಮುನ್ನ ಅದಕ್ಕೆ ಬೇಕಾದಷ್ಟು ಕೆಲಸ ಕೊಡದೆ ಹೋದದ್ದೇ ಇದಕ್ಕೆ ಕಾರಣವೆಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಮಧ್ಯಾಹ್ನ ಎರಡನೆಯ ಸುತ್ತು. ಅದೇ ಕುದುರೆ, ಅದೇ ಸವಾರ, ಒಂದು ಗಳವೂ ಬೀಳಲಿಲ್ಲ. ತಂಡಕ್ಕೆ ಚಿನ್ನ ಬಂತು. ಆ ಕ್ರೀಡಾಕೂಟದಲ್ಲಿ ಬ್ರಿಟನ್ನಿನ ಏಕೈಕ ಚಿನ್ನ ಅದೇ ಆಯಿತು. ನಾವು ಈ ಕಥೆಯನ್ನು ಮನೆಯಲ್ಲಿ ಹೇಳಿದಾಗ ನಮ್ಮಾಕೆ, ಪರೀಕ್ಷೆಯ ಹಿಂದಿನ ವಾರ ಮಕ್ಕಳನ್ನು ಪುಸ್ತಕ ಮುಟ್ಟಿಸದೆ ಮಲಗಿಸಿದ ಹಾಗೆ ಎಂದಳು.

ಫಾಕ್ಸ್‌ಹಂಟರನ ಕಾಲಕ್ಕೆ ಚಳಿಗಾಲದಲ್ಲಾದರೂ ಪಂದ್ಯಗಳು ವಿರಳವಾಗಿದ್ದವು. ಆ ಬಿಡುವು 1978ರಿಂದ ಈಚೆಗೆ ಕರಗಿತು. ಸ್ವಿಸ್ ಪತ್ರಕರ್ತ ಮ್ಯಾಕ್ಸ್ ಅಮ್ಮನ್ ಎಂಬವರ ಕಲ್ಪನೆಯಂತೆ ಚಳಿಗಾಲದಲ್ಲಿ ಒಳಾಂಗಣಗಳಲ್ಲಿ ನಡೆಯುವ ವಿಶ್ವಕಪ್ ಸರಣಿ ಪ್ರಾರಂಭವಾಯಿತು. 1979ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ನಡೆದ ಮೊದಲ ಅಂತಿಮ ಪಂದ್ಯವನ್ನು ಆಸ್ಟ್ರಿಯದ ಹ್ಯೂಗೊ ಸೈಮನ್ ಗೆದ್ದರು. ಬೇಸಿಗೆಯ ಬಯಲಿನ ಪಂದ್ಯಗಳ ಜೊತೆಗೆ ಚಳಿಗಾಲದ ಹಣವೂ ಕೂಡಿಕೊಂಡು ಪಂಚಾಂಗದಲ್ಲಿ ಖಾಲಿ ತಿಂಗಳೇ ಉಳಿಯಲಿಲ್ಲ. ಹವಾಮಾನ ಕೊಡುತ್ತಿದ್ದ ರಜೆಯನ್ನು ಇನ್ನು ಮನುಷ್ಯನೇ ಯೋಚಿಸಿ ಕೊಡಬೇಕಾಯಿತು. ಕೊಡದಿದ್ದರೆ ಕುದುರೆ ಅರ್ಜಿ ಗುಜರಾಯಿಸುವಂತಿಲ್ಲ. ಶ್ರೀಮಂತ ಸವಾರರು ನಾಲ್ಕಾರು ಕುದುರೆಗಳನ್ನಿಟ್ಟುಕೊಂಡು ಸರದಿಯ ಮೇಲೆ ಬಿಡುವು ಕೊಡುತ್ತಾರೆ. ಒಂದೇ ಕುದುರೆಯುಳ್ಳವನ ಪಾಡೇ ಕಷ್ಟ.

ಬಲ್ಲವರ ಲಾಯದಲ್ಲಿ ಇಂದು ನಡೆಯುವ ಕ್ರಮ ಸ್ಥೂಲವಾಗಿ ಹೀಗಿದೆ. ಪಂದ್ಯದ ಸಾಲು ಮುಗಿದ ಮೇಲೆ ಎರಡರಿಂದ ನಾಲ್ಕು ವಾರ ಬಯಲಿನಲ್ಲಿ ಬಿಡುವುದು. ಈ ಅವಧಿಯಲ್ಲಿ ಕುದುರೆ ತನ್ನ ದಮ್ಮನ್ನು ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಅನಂತರ ನಡಿಗೆ, ಏರುದಾರಿ, ಕುಕ್ಕುಲೋಟ, ದೌಡು, ನೆಲದ ಮೇಲಿನ ಗಳಗಳು, ಕೊನೆಗೆ ಸಣ್ಣ ತಡೆಗಳು. ಪೂರ್ಣ ಹದಕ್ಕೆ ಬಂದ ಕುದುರೆಯೂ ಮನೆಯಲ್ಲಿ ಜಿಗಿಯುವುದು ವಾರಕ್ಕೆ ಒಂದೆರಡು ದಿನ ಮಾತ್ರವೆಂದು ತಿಳಿದು ನಮಗೆ ಆಶ್ಚರ್ಯವಾಯಿತು. ಮಿಕ್ಕ ದಿನಗಳಲ್ಲಿ ಸಾಧನೆ, ಸುತ್ತಾಟ, ಒಂದು ದಿನ ಬಯಲು. ಕಠಿಣ ದುಡಿಮೆಯಲ್ಲಿ ಖರ್ಚಾದ ಮಾಂಸಖಂಡದ ಶರ್ಕರ ಮತ್ತೆ ತುಂಬಲು ಕುದುರೆಗೆ ಎರಡು ಮೂರು ದಿನ ಹಿಡಿಯುತ್ತದೆ, ಮನುಷ್ಯನಿಗಿಂತ ನಿಧಾನ. ಆದ್ದರಿಂದ ದೊಡ್ಡ ಪಂದ್ಯದ ಮರುದಿನ ಮತ್ತೊಂದು ಪಂದ್ಯಕ್ಕಿಳಿಸುವವನು ಸಾಲ ಮಾಡಿ ಸಂಸಾರ ನಡೆಸಿದಂತೆ.

ನಮ್ಮ ದೇಶದಲ್ಲಿ ಪಂಚಾಂಗ ತಲೆಕೆಳಗು. ಇಲ್ಲಿ ಪಂದ್ಯದ ಕಾಲ ಚಳಿಗಾಲ, ಬಿಡುವು ಬೇಸಿಗೆ. ಮೇ-ಜೂನ್ ತಿಂಗಳ ದೆಹಲಿಯಲ್ಲಿ ಬೆಳಕು ಹರಿಯುವ ಹೊತ್ತಿಗೇ ಕುದುರೆಯ ಕೆಲಸ ಮುಗಿಯಬೇಕು. ಮೈಸೂರು ಲ್ಯಾನ್ಸರ್ಸ್ ಸೇರಿದಂತೆ ಸಂಸ್ಥಾನಗಳ ಅಶ್ವದಳಗಳನ್ನು ಒಟ್ಟುಗೂಡಿಸಿ 1953ರಲ್ಲಿ ಕಟ್ಟಿದ ದಳವೇ ಮುಂದೆ 61ನೆಯ ಕ್ಯಾವಲ್ರಿ ಎನಿಸಿತು. ಏಷ್ಯನ್ ಕ್ರೀಡೆಗಳಲ್ಲಿ ಅಶ್ವಸ್ಪರ್ಧೆ ಮೊದಲ ಬಾರಿಗೆ ಸೇರಿದ್ದು 1982ರಲ್ಲಿ, ನಮ್ಮ ದೆಹಲಿಯಲ್ಲಿಯೇ. ಈ ದಳದ ರಘುಬೀರ್ ಸಿಂಗ್ ಮೂರು ಬಗೆಯ ಪರೀಕ್ಷೆಗಳುಳ್ಳ ಸ್ಪರ್ಧೆಯಲ್ಲಿ ಆಗ ಚಿನ್ನ ಗೆದ್ದರು. ಬಯಲು ಓಟವಾದ ಮೇಲೆ ಕುದುರೆಯನ್ನು ಪಶುವೈದ್ಯರ ಮುಂದೆ ನಡೆಸಿ ತೋರಿಸಿ, ಕುಂಟುತ್ತಿಲ್ಲವೆಂದು ಒಪ್ಪಿಗೆ ಪಡೆದ ಮೇಲೆಯೇ ಕೊನೆಯ ಜಿಗಿತಕ್ಕೆ ಇಳಿಸುವುದು ಈ ಸ್ಪರ್ಧೆಯ ನಿಯಮ. ಹಿಂದಿನ ರಾತ್ರಿ ಲಾಯದಲ್ಲಿ ಯಾರು ಎಚ್ಚರವಾಗಿದ್ದು ಕಾಲಿಗೆ ತಣ್ಣೀರು ಸುರಿದರೋ ಅವರ ಹೆಸರು ಪದಕದ ಮೇಲೆ ಬರುವುದಿಲ್ಲ. ಬೆಂಗಳೂರಿನ ಫವಾದ್ ಮಿರ್ಜಾ ಇದೇ ಸ್ಪರ್ಧೆಯಲ್ಲಿ 2018ರ ಜಕಾರ್ತಾದಲ್ಲಿ ಬೆಳ್ಳಿ ಗೆದ್ದು, ಮೂರು ವರ್ಷಗಳ ಮೇಲೆ ಅದೇ ಕುದುರೆಯೊಡನೆ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯವರಾದರು. ಒಂದೇ ಕುದುರೆಯನ್ನು ಅಷ್ಟು ವರ್ಷ ಕಾಲಿನ ಮೇಲೆ ನಿಲ್ಲಿಸಿಕೊಂಡದ್ದು ನಮಗೆ ಪದಕದಷ್ಟೇ ದೊಡ್ಡದಾಗಿ ಕಾಣುತ್ತದೆ.

ಹೋದ ಚಳಿಗಾಲ ಪ್ರದರ್ಶನಕ್ಕೆ ಮತ್ತೆ ಹೋದೆವು. ಮಗಳಿಗೆ ಆ ಕಂದು ಕುದುರೆಯ ನೆನಪಿತ್ತು. ಸಣ್ಣ ತಡೆಗಳ ಪಂದ್ಯದಲ್ಲಿ ಅದು ಅಂಗಳಕ್ಕೆ ಬಂದಾಗ ಗುರುತು ಹಿಡಿದವಳು ಅವಳೇ. ಆರನೆಯ ತಡೆಯಲ್ಲಿ ಹಿಂಗಾಲು ತಗುಲಿ ಮೇಲಿನ ಗಳ ಉರುಳಿತು, ಬಹುಮಾನದ ಮಾತಿಲ್ಲ. ನಾವು ಲಾಯದ ಕಡೆಗೆ ಓಡಿದೆವು. ಸಾಯಿಸನು ಜೀನು ಇಳಿಸಿ, ಯಾರನ್ನೂ ಗಮನಿಸದೆ, ಕುಕ್ಕರಗಾಲಿನಲ್ಲಿ ಕುಳಿತು ಅದರ ಎಡ ಮುಂಗಾಲನ್ನು ಎರಡೂ ಅಂಗೈಗಳಿಂದ ಮೇಲಿನಿಂದ ಕೆಳಗೆ ಸವರುತ್ತಿದ್ದ. ಒಮ್ಮೆ ಸವರಿ, ಬಲಗಾಲನ್ನೂ ಮುಟ್ಟಿ ನೋಡಿ, ಮತ್ತೆ ಎಡಗಾಲಿಗೆ ಬಂದ. ಆಮೇಲೆ ತಲೆಯೆತ್ತಿ ನಮ್ಮ ಮಗಳನ್ನು ನೋಡಿ ಹೇಳಿದ: “ಬಿಸಿಯಿಲ್ಲ, ಮಗೂ. ತಣ್ಣಗಿದೆ.”